ನಮ್ಮ ಯಜಮಾನರನ್ನು ನಾನು ತೆಂಗಿನಮರ ಹತ್ತಿಸಿದ್ದು

ಮನುಷ್ಯರನ್ನು ಕಂಡ ತಕ್ಷಣ ಇವರು ಯಾರು, ಎಂಥವರು, ಯಾಕೆ ಬಂದಿದ್ದಾರೆ ಅಂತ ಹೇಳಿಬಿಡುವ ಶಕ್ತಿ ನನಗೆ ಹುಟ್ಟಿನಿಂದಲೇ ಇದೆ ಎಂದು ನಾನು ನಂಬಿದ್ದೆ. ಹಾಲಿನವನು ಗೇಟಿನ ಚಿಲಕ ತೆಗೆಯುವ ಸದ್ದಿನಲ್ಲೇ ಇವತ್ತು ಹಾಲಿಗೆ ಎಷ್ಟು ನೀರು ಸೇರಿದೆ ಎಂದು ಹೇಳುತ್ತಿದ್ದೆ. ಎದುರು ಮನೆಗೆ ಬಂದ ನೆಂಟರು ಉಳಿಯುವವರೋ ಹೊರಡುವವರೋ ಎಂಬುದನ್ನು ಅವರು ಚಪ್ಪಲಿ ಬಿಟ್ಟ ರೀತಿಯಲ್ಲೇ ಕಂಡುಹಿಡಿಯುತ್ತಿದ್ದೆ. ಈ ಶಕ್ತಿಯನ್ನು ಉಪಯೋಗಿಸಿ ಒಂದೇ ವಾರದಲ್ಲಿ ನಮ್ಮ ಯಜಮಾನರ ಕೇಸನ್ನೂ ಮಗಳ ಸಂಬಂಧವನ್ನೂ ಜೊತೆಯಲ್ಲೇ ಹಳ್ಳಕ್ಕೆ ತಳ್ಳಿದ ಕಥೆಯನ್ನು ಈಗ ಬರೆಯುತ್ತಿದ್ದೇನೆ. ಬರೆಯಲು ಯಜಮಾನರ ಅನುಮತಿ ಇದೆ. ಅನುಮತಿ ಕೊಡುವಾಗ ಅವರು ನಕ್ಕರು. ಅಷ್ಟೊಂದು ನಗಬೇಕಾಗಿರಲಿಲ್ಲ!

ನಯಾಪೈಸೆ ಇನ್ನೂ ಹೊಸದಾಗಿದ್ದ ಕಾಲ. ನಾವು ಜಯನಗರದಲ್ಲಿದ್ದೆವು. "ಅಷ್ಟು ದೂರ ಯಾಕ್ರೀ ಹೋದ್ರಿ?" ಎಂದು ಬಸವನಗುಡಿಯ ನೆಂಟರು ಕೇಳುತ್ತಿದ್ದರು. ಸಾಲಿನಲ್ಲಿ ನಾಲ್ಕು ಮನೆ, ಆಮೇಲೆ ಖಾಲಿ ಸೈಟು, ಆಮೇಲೆ ಹೊಲ. ಹಿತ್ತಲಲ್ಲಿ ಒಂದು ಸೇದುವ ಬಾವಿ. ಮನೆಯ ಮುಂದೆ ನಾನು ಲಾಲ್‌ಬಾಗಿನ ಹತ್ತಿರದ ನರ್ಸರಿಯಿಂದ ತಂದು ನೆಟ್ಟ ಒಂದು ತೆಂಗಿನ ಸಸಿ. ಈ ಸಸಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಮ್ಮ ಯಜಮಾನರು ಪೇಟೆಯ ಒಂದು ಪ್ರೆಸ್ಸಿನಲ್ಲಿ ಮೆಷಿನ್‌ಮ್ಯಾನ್ ಆಗಿದ್ದರು. ಕಾಲಲ್ಲಿ ತುಳಿಯುತ್ತಾ ಕೈಯಲ್ಲಿ ಒಂದೊಂದೇ ಕಾಗದ ಇಟ್ಟು ತೆಗೆಯುವ ಮೆಷಿನ್ನು. ಲಗ್ನದ ಕಾಲ, ಲಗ್ನಪತ್ರಿಕೆಗಳ ರಾಶಿ. ಯಾರದೋ ಮದುವೆಯ ಪತ್ರಿಕೆ ಓರೆಯಾಗಿ ಕೂತಿತು ಅಂತ ಸರಿಮಾಡಲು ಹೋದರು. ಮೆಷಿನ್ನಿನ ಬಾಯಿ ಮುಚ್ಚಿಕೊಂಡಿತು. ಪತ್ರಿಕೆ ಸರಿಯಾಗೇ ಅಚ್ಚಾಯಿತಂತೆ. ಬಲಗೈ ಮಾತ್ರ ಹೋಯಿತು.

ಆಸ್ಪತ್ರೆ, ಪಟ್ಟಿ ಎಲ್ಲ ಮುಗಿದ ಮೇಲೆ ನೋಡಿದರೆ ಮಣಿಕಟ್ಟು ತಿರುಗುವುದಿಲ್ಲ, ಮೂರು ಬೆರಳು ಮಡಚುವುದಿಲ್ಲ. ಬಲಗೈಯಲ್ಲಿ ಅನ್ನ ಕಲಸಲು ಆಗದು, ಎಡಗೈಯನ್ನು ತಟ್ಟೆಗೆ ಹಾಕಲು ಮನಸ್ಸು ಬಾರದು. ನಾನು ಕಲಸಿ ಇಡುತ್ತಿದ್ದೆ. ಅವರು ಹೆಬ್ಬೆರಳಿನ ಸಂದಿಗೆ ಒಂದು ಚಮಚ ಸಿಕ್ಕಿಸಿಕೊಂಡು ತಲೆ ಬಗ್ಗಿಸಿ ತಿನ್ನುತ್ತಿದ್ದರು. ಪ್ರೆಸ್ಸಿನವರು ಕೆಲಸದಿಂದ ತೆಗೆಯಲಿಲ್ಲ. ಗೇಟಿನ ಹತ್ತಿರ ಒಂದು ಸ್ಟೂಲ್ ಹಾಕಿ, ಬರುವ ಹೋಗುವ ಕಾಗದದ ಹೊರೆ ನೋಡಿಕೊಂಡಿರಿ ಎಂದರು. ಮೆಷಿನ್ ನಡೆಸಿದವರಿಗೆ ಸ್ಟೂಲು! ನಮ್ಮವರು ದಿನಾ ಹೋಗಿ ಅದರ ಮೇಲೆ ಕೂತರು. ಮನೆಗೆ ಬಂದು ಸುಮ್ಮನೆ ಕೂರುವುದು ಜಾಸ್ತಿಯಾಯಿತು.

ಕೆಲಸ ಮಾಡುವಾಗ ಹೀಗಾದರೆ ಪರಿಹಾರ ಕೇಳಬಹುದು, ಅದಕ್ಕೆ ಕಾನೂನೇ ಇದೆ ಅಂತ ನಮಗೆ ಹೇಳಿದವರು ಹಿಂದಿನ ಬೀದಿಯ ಲಾಯರ್ ಅಶ್ವತ್ಥಯ್ಯನವರು. ಅವರೇ ಅರ್ಜಿ ಹಾಕಿದರು. ಪ್ರೆಸ್ಸಿನವರು ವಿಮೆ ಮಾಡಿಸಿದ್ದರಿಂದ ಕೊಡಬೇಕಾದವರು ವಿಮೆ ಕಂಪನಿಯವರು. ಅವರೋ, "ಕೈ ವಾಸಿಯಾಗಿದೆ, ದಿನಾ ಕೆಲಸಕ್ಕೂ ಬರುತ್ತಿದ್ದಾರೆ, ಇನ್ನು ಪರಿಹಾರ ಯಾಕೆ?" ಅಂದರು. ಆ ಪರಿಹಾರ ಬಂದರೆ ನಮ್ಮವರು ಸ್ಟೂಲು ಬಿಟ್ಟು, ಮನೆಯ ಮುಂದಿನ ಕೋಣೆಯಲ್ಲಿ ಸ್ಕೂಲು ಮಕ್ಕಳಿಗೆ ಪುಸ್ತಕ, ಪೆನ್ಸಿಲ್ಲು ಮಾರುವ ಒಂದು ಅಂಗಡಿ ಇಡಬೇಕು ಎಂದುಕೊಂಡಿದ್ದರು. ಬರದಿದ್ದರೆ ಬದುಕಿರುವವರೆಗೆ ಸ್ಟೂಲೇ.

ಒಂದು ದಿನ ಲಾಯರ್ ನನ್ನನ್ನು ಕೂರಿಸಿಕೊಂಡು ಹೇಳಿದರು.

"ಸೀತಮ್ಮನವರೇ, ವಿಚಾರಣೆಗೆ ಮುಂಚೆ ಕಂಪನಿ ಕಡೆಯಿಂದ ಒಬ್ಬರು ಮನೆಗೆ ಬರಬಹುದು. ನಾನು ಇಂಥವನು ಅಂತ ಬೋರ್ಡು ಹಾಕ್ಕೊಂಡು ಬರಲ್ಲ. ಅದೂ ಇದೂ ಮಾತಾಡ್ತಾ ವಿಷಯ ತಿಳ್ಕೊಂಡು ಹೋಗ್ತಾರೆ."

"ಬರಲಿ ಬಿಡಿ ಸ್ವಾಮಿ. ನಾನು ನೋಡ್ಕೋತೀನಿ."

"ನೀವೇನೂ ನೋಡ್ಕೋಬೇಡಿ ತಾಯಿ. ಇದ್ದದ್ದು ಇದ್ದ ಹಾಗೆ ಹೇಳಿ, ಸಾಕು."

"ಇದ್ದದ್ದು ಇದ್ದ ಹಾಗೆ ಹೇಳೋದನ್ನ ನನಗೆ ಹೇಳಿಕೊಡಬೇಕಾ!" ಎಂದು ನಾನು ನಕ್ಕೆ. ಅವರು ನಗಲಿಲ್ಲ. ಲಾಯರುಗಳಿಗೆ ಅನುಭವ ಜಾಸ್ತಿ.

ಅದೇ ವಾರ ನಮ್ಮ ಪುರೋಹಿತರು ಶಾಮಭಟ್ಟರು ಮಗಳು ವಿಮಲೆಗೆ ಒಂದು ಸಂಬಂಧ ತಂದರು. ಹುಡುಗ ಹೈಸ್ಕೂಲು ಮೇಷ್ಟ್ರು. ಜಾತಕ ಕೂಡಿದೆ.

"ಹುಡುಗನ ಸೋದರಮಾವ ಒಂದು ಸಲ ಹಿಂಗೇ ಬಂದು ಹೋಗ್ತಾರೆ" ಎಂದರು ಭಟ್ಟರು. "ಹೆಣ್ಣು ನೋಡೋಕಲ್ಲ, ಮನೆತನ ನೋಡೋಕೆ. ಯಾರು ಅಂತ ಅವರೂ ಹೇಳಲ್ಲ, ನೀವೂ ಕೇಳೋಕೆ ಹೋಗಬೇಡಿ. ಚೆನ್ನಾಗಿರಲ್ಲ."

"ಯಜಮಾನರ ಕೈ ವಿಷಯ ಅವರಿಗೆ ಹೇಳಿದ್ದೀರಾ?"

"ಮೊದಲೇ ಅದೆಲ್ಲ ಯಾಕಮ್ಮ? ಧಾರೆ ಎರೆಯೋ ಕೈ ನೋಡಿ ಯಾರಾದ್ರೂ..." ಎಂದು ಭಟ್ಟರು ಅರ್ಧಕ್ಕೆ ನಿಲ್ಲಿಸಿ ಕಾಫಿ ಕುಡಿದರು. ಉಳಿದ ಅರ್ಧ ನನ್ನ ಹೊಟ್ಟೆಯಲ್ಲಿ ಕೂತುಕೊಂಡಿತು.

ಹೀಗೆ, ಯಾರು ಅಂತ ಹೇಳದೆ ಬರುವವರು ಇಬ್ಬರು. ಒಬ್ಬರಿಗೆ ಕೈ ಕೆಟ್ಟಿದೆ ಅಂತ ತೋರಿಸಬೇಕು. ಇನ್ನೊಬ್ಬರಿಗೆ ತೋರಿಸಬಾರದು. ಬೇರೆ ಹೆಂಗಸಾಗಿದ್ದರೆ ಹೆದರುತ್ತಿದ್ದಳು. ನಾನು ರಾತ್ರಿ ಊಟಕ್ಕೆ ಬಡಿಸುತ್ತಾ ಯಜಮಾನರಿಗೆ ಸಮಸ್ಯೆಯನ್ನು ಬಿಡಿಸಿ ಹೇಳಿದೆ.

"ಇದರಲ್ಲಿ ಕಷ್ಟ ಏನಿದೆ? ವಿಮೆಯವರು ಅಂದ್ರೆ ಪ್ಯಾಂಟು, ಶೂ, ಚರ್ಮದ ಬ್ಯಾಗು. ಬೀಗರ ಕಡೆಯವರು ಅಂದ್ರೆ ಕಚ್ಚೆಪಂಚೆ, ಕೋಟು, ಟೋಪಿ, ಕೊಡೆ. ನೋಡಿದ್ರೇ ಗೊತ್ತಾಗುತ್ತೆ."

"ಇಬ್ಬರೂ ಉಲ್ಟಾ ಬಂದ್ರೆ?"

"ಹಂಗೆಲ್ಲ ಯಾರೂ ಬರಲ್ಲ. ನೀವು ಊಟ ಮಾಡಿ."

ಮಂಗಳವಾರ ಮಧ್ಯಾಹ್ನ ಗೇಟು ಸದ್ದಾಯಿತು. ನೋಡಿದರೆ ಕಚ್ಚೆಪಂಚೆ! ಮುಚ್ಚುಕೋಟು! ಕರಿ ಟೋಪಿ! ಕಂಕುಳಲ್ಲಿ ಕೊಡೆ! ಹಣೆಗೆ ವಿಭೂತಿ, ಕೈಯಲ್ಲಿ ಬನಶಂಕರಿ ದೇವಸ್ಥಾನದ ಕುಂಕುಮದ ಪೊಟ್ಟಣ. ಸಾಕ್ಷಾತ್ ಸೋದರಮಾವನೇ ಎದುರಿಗೆ ನಿಂತಂತಿತ್ತು.

"ಯಜಮಾನರು ಇದ್ದಾರೇನಮ್ಮ?"

"ಕೆಲಸಕ್ಕೆ ಹೋಗಿದ್ದಾರೆ. ಬನ್ನಿ, ಒಳಗೆ ಬನ್ನಿ, ಬಿಸಿಲು."

"ಪರವಾಗಿಲ್ಲಮ್ಮ. ಈ ಕಡೆ ಬಂದಿದ್ದೆ, ಹಿಂಗೇ ನೋಡ್ಕೊಂಡು ಹೋಗೋಣ ಅಂತ."

ಭಟ್ಟರು ಹೇಳಿದ ಹಾಗೆಯೇ! ನಾನು ವಿಮಲೆಗೆ ಕಣ್ಸನ್ನೆ ಮಾಡಿದೆ. ಅವಳು ಹೋಗಿ ರೇಷ್ಮೆ ಅಂಚಿನ ಸೀರೆ ಉಟ್ಟು, ಹೂ ಮುಡಿದು ಬರುವಷ್ಟರಲ್ಲಿ ಬಾಣಲೆಯಲ್ಲಿ ರವೆ ಘಮ್ಮೆಂದಿತ್ತು. ಕೇಸರಿಬಾತಿಗೆ ತುಪ್ಪವನ್ನು ನಾನು ಸುರಿಯಲಿಲ್ಲ, ಅಭಿಷೇಕ ಮಾಡಿದೆ. ಡಬ್ಬದಿಂದ ಕೋಡುಬಳೆ ಇಳಿಯಿತು. ಬೆಳ್ಳಿ ಲೋಟ ಹೊರಗೆ ಬಂತು. ವಿಮಲೆ ಕಾಫಿ ತಂದಿಟ್ಟು ಕಾಲಿಗೆ ನಮಸ್ಕಾರ ಮಾಡಿದಳು. ಕೊಡೆಯವರು ಗಾಬರಿಯಾಗಿ ಕಾಲು ಹಿಂದೆಳೆದುಕೊಂಡು, "ನೂರು ಕಾಲ ಬಾಳಮ್ಮ" ಎಂದರು. ಎಷ್ಟು ವಿನಯ! ನನಗೆ ಬಹಳ ಹಿಡಿಸಿತು.

ಎರಡನೇ ಸಲ ಕೇಸರಿಬಾತು ಹಾಕಿಸಿಕೊಂಡು ಅವರು ಮೆಲ್ಲಗೆ ಕೇಳಿದರು.

"ಈಗ ಯಜಮಾನರ ಕೈ ಹೇಗಿದೆಯಮ್ಮ?"

ಯಾರೋ ಹೊಟ್ಟೆಕಿಚ್ಚಿನವರು ಬೀಗರ ಕಿವಿಗೆ ಹಾಕಿಬಿಟ್ಟಿದ್ದಾರೆ!

"ಕೈಯಾ? ಯಾವ ಕೈ?"

"ಬಲಗೈ. ಮೆಷಿನ್ನಿಗೆ ಸಿಕ್ಕಿತ್ತಂತಲ್ಲ."

"ಅಯ್ಯೋ, ಅದಾ! ಏನೋ ಒಂಚೂರು ತರಚಿತ್ತು. ಅರಿಶಿನ ಹಚ್ಚಿದೆ. ಹೋಯ್ತು."

"ಅಂದ್ರೆ ಈಗ ಕೆಲಸ ಎಲ್ಲ ಮಾಡ್ತಾರಾ?"

"ಮಾಡ್ತಾರಾ ಅಂತ ಕೇಳ್ತೀರಾ! ಮನೆಗೆ ಬೇಕಾದ ನೀರೆಲ್ಲ ಬಾವಿಯಿಂದ ಅವರೇ ಸೇದೋದು. ಸೌದೆ ಒಡೆಯೋದು ಅವರೇ. ನಾನು ಒರಳು ಮುಟ್ಟಿ ಎಷ್ಟು ಕಾಲವಾಯ್ತೋ! ದೋಸೆಗೆ ರುಬ್ಬೋದೂ ಅವರೇ."

"ಬೆರಳುಗಳು?" ಎಂದರು ಕೊಡೆಯವರು. ಅವರ ಕಣ್ಣು ಮೂಲೆಯಲ್ಲಿದ್ದ ಮೃದಂಗದ ಮೇಲೆ ಬಿತ್ತು. ಅದು ನನ್ನ ತಮ್ಮ ಊರಿಗೆ ಹೋಗುವಾಗ ಬಿಟ್ಟುಹೋದದ್ದು. "ಇದನ್ನ ಬಾರಿಸೋರು ಯಾರು?"

"ಅವರೇ!" ಎಂದಿತು ನನ್ನ ಬಾಯಿ. ನಾನು ಅದಕ್ಕೆ ಹೇಳಿಕೊಟ್ಟಿರಲಿಲ್ಲ. "ದಿನಾ ಸಂಜೆ."

ಕೊಡೆಯವರು ಕೋಟಿನ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ಕುಲಗೋತ್ರ ಗುರುತು ಹಾಕಿಕೊಳ್ಳುತ್ತಿರಬೇಕು ಎಂದು, "ಬರ್ಕೊಳ್ಳಿ, ನಮ್ಮದು ಕಾಶ್ಯಪ ಗೋತ್ರ. ಹುಡುಗೀದು ರೋಹಿಣಿ ನಕ್ಷತ್ರ" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆದರೂ ಬರೆದುಕೊಂಡರು. ಬಹಳ ಅಚ್ಚುಕಟ್ಟು ಮನುಷ್ಯ.

ಹೊರಡುವಾಗ ಎಲೆ ಅಡಿಕೆಯ ಜೊತೆ ಒಂದು ತೆಂಗಿನಕಾಯಿ ಇಟ್ಟು ಕೊಟ್ಟೆ. ಕೊಟ್ಟು ಸುಮ್ಮನಿರಬೇಕಿತ್ತು.

"ಇದು ನಮ್ಮವರೇ ಕಿತ್ತ ಕಾಯಿ. ನಿನ್ನೆ ಮರ ಹತ್ತಿ ಕಿತ್ತರು."

ಕೊಡೆಯವರು ಅಂಗಳಕ್ಕೆ ಇಳಿದು ಅತ್ತ ಇತ್ತ ನೋಡಿದರು. ಮೊಳಕಾಲೆತ್ತರದ ನನ್ನ ಸಸಿ ಗಾಳಿಗೆ ತಲೆ ಆಡಿಸುತ್ತಿತ್ತು. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ, ಕೊಡೆ ಬಿಚ್ಚಿಕೊಂಡು ಹೊರಟುಹೋದರು.

ಸಂಜೆ ಯಜಮಾನರಿಗೆ, "ಬೀಗರ ಕಡೆಯವರು ಬಂದಿದ್ರು. ಗೆದ್ದೆ!" ಎಂದೆ. ಅವರು ಅಂಗಳದಲ್ಲಿ ನಿಂತು, "ಕೇಸರಿಬಾತು ಉಳಿದಿದೆಯಾ?" ಎಂದರು. ಉಳಿದಿರಲಿಲ್ಲ.

ಇನ್ನು ವಿಮೆಯವರು ಬರಬೇಕು. ಅದಕ್ಕೆ ನಾನು ಆಗಲೇ ಸಿದ್ಧತೆ ನಡೆಸಿದ್ದೆ. ಭಾನುವಾರ ಬೆಳಿಗ್ಗೆ ಸೈಕಲ್ ಸದ್ದು. ಕಿಟಕಿಯಿಂದ ನೋಡಿದೆ. ಪ್ಯಾಂಟು! ಶೂ! ಚರ್ಮದ ಬ್ಯಾಗು! ಬಂದವರು ಗೇಟಿನಲ್ಲೇ ನಿಂತು ಸೂರು ನೋಡಿದರು, ಗೋಡೆ ನೋಡಿದರು, ಬಾವಿ ಕಡೆ ನೋಡಿದರು. ಕಳ್ಳರೂ ಹಾಗೆ ನೋಡುವುದಿಲ್ಲ.

"ಏನೂಂದ್ರೆ, ಬಂದ್ರು! ಮಲಗಿ, ಮಲಗಿ!"

ಪೇಪರ್ ಓದುತ್ತಿದ್ದ ಯಜಮಾನರನ್ನು ಚಾಪೆಯ ಮೇಲೆ ಕೆಡವಿ ಕಂಬಳಿ ಹೊದಿಸಿದೆ.

"ಲೇ ಸೀತೂ, ನನಗೆ ಆಗಿರೋದು ಕೈಗೆ ಕಣೇ. ಕಾಲಿಗಲ್ಲ."

"ಸುಮ್ಮನಿರಿ. ನರಳಿ."

ಅವರು ನರಳಲಿಲ್ಲ. ಅವರ ಪರವಾಗಿ ನಾನೇ ನಿಟ್ಟುಸಿರು ಬಿಡುತ್ತಾ ಬಾಗಿಲು ತೆರೆದೆ. ಬ್ಯಾಗಿನವರು ಒಳಗೆ ಬಂದು ಚಾಪೆ ನೋಡಿದರು.

"ಯಾಕಮ್ಮ, ಏನಾಗಿದೆ ಇವರಿಗೆ?"

"ಏನಾಗಿಲ್ಲ ಅಂತ ಕೇಳಿ ಸಾರ್!"

ಶುರು ಮಾಡಿದೆ. ಮೆಷಿನ್ನು, ಆಸ್ಪತ್ರೆ, ಸ್ಟೂಲು, ಎಲ್ಲ ಹೇಳಿದೆ. ಕೈಯಿಂದ ಒಂದು ಲೋಟ ಎತ್ತಲು ಆಗದು ಎಂದೆ. ಅಷ್ಟರಲ್ಲಿ ವಿಮಲೆ ಹಿತ್ತಲಿಂದ ಬಂದಳು. ನನ್ನ ಅಪ್ಪಣೆಯಂತೆ ಅವಳು ಸುಣ್ಣ ಬಳಿಯುವಾಗ ಉಡುವ ಸೀರೆ ಉಟ್ಟಿದ್ದಳು. ಎಣ್ಣೆ ನೀರು ಹಾಕಿಕೊಂಡು ಕೂದಲು ಕೆದರಿತ್ತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಇವಳೊಬ್ಬಳು ಮಗಳು ಸಾರ್. ಅಪ್ಪನ ಸ್ಥಿತಿ ಹಿಂಗಿರೋವಾಗ ಇವಳಿಗೆ ಈ ಜನ್ಮದಲ್ಲಿ ಮದುವೆ ಆಗುತ್ತೆ ಅಂತ ನನಗಂತೂ ನಂಬಿಕೆ ಇಲ್ಲ!"

ಬ್ಯಾಗಿನವರು ಏನೋ ಹೇಳಲು ಹೋಗಿ ಕೆಮ್ಮಿದರು. ಕುಡಿಯಲು ಕೇಳಿದರು. ವಿಮೆಯವರಿಗೆ ಇದೇ ಹೆಚ್ಚು ಎಂದುಕೊಂಡು ಒಂದು ಲೋಟ ಮಜ್ಜಿಗೆ ಕೊಟ್ಟೆ. ಅದು ಮಜ್ಜಿಗೆ ಎಂದು ನಾನು ಹೇಳಿದ್ದರಿಂದ ಅವರು ನಂಬಿದರು.

ಯಜಮಾನರು ಮಾತ್ರ ಕಂಬಳಿ ಸರಿಸಿ ಎದ್ದು ಕೂತರು. "ಇವಳು ಹೇಳೋವಷ್ಟೇನೂ ಇಲ್ಲ ಸಾರ್. ಮೂರು ಬೆರಳು ಮಡಚಲ್ಲ. ಮಣಿಕಟ್ಟು ತಿರುಗಲ್ಲ. ಅಷ್ಟೇ" ಎಂದು ಕೈ ಮುಂದೆ ಚಾಚಿದರು. ನನಗೆ ಸಿಟ್ಟು ಬಂತು. ಅಷ್ಟೇ ಅಂತೆ! ತಕ್ಷಣ ತಟ್ಟೆ ತಂದು, ಅನ್ನ ಕಲಸಿ, ಚಮಚ ಕೊಟ್ಟು, "ತಿಂದು ತೋರಿಸಿ" ಎಂದೆ. ಪರರ ಎದುರು ತಿನ್ನುವುದು ಅವರಿಗೆ ಎಷ್ಟು ನಾಚಿಕೆಯೋ ನನಗೆ ಗೊತ್ತು. ಆದರೂ ಹೆಬ್ಬೆರಳಿಗೆ ಚಮಚ ಸಿಕ್ಕಿಸಿಕೊಂಡು ತಲೆ ಬಗ್ಗಿಸಿದರು. ಎರಡು ತುತ್ತು ಕೆಳಗೆ ಬಿತ್ತು.

ಬ್ಯಾಗಿನವರು ಮಜ್ಜಿಗೆ ಲೋಟ ಕೆಳಗಿಟ್ಟರು. ಆಮೇಲೆ, "ನೋವಿದೆಯಾ?" ಎಂದು ಕೇಳಿದರು.

"ಚಳಿ ಬಿದ್ದಾಗ ಸ್ವಲ್ಪ" ಎಂದರು ನಮ್ಮವರು.

ಸೋಮವಾರ ಸಂಜೆ ಶಾಮಭಟ್ಟರು ಗೇಟಿನಿಂದಲೇ ಕೂಗುತ್ತಾ ಬಂದರು.

"ಸೀತಮ್ಮಾ, ಬಾಯಿ ಸಿಹಿ ಮಾಡಿ! ಹುಡುಗನ ಸೋದರಮಾವ ಒಪ್ಪಿಬಿಟ್ರು! 'ಇಂಥ ನಿಜಾಯಿತಿ ಜನ ಈಗಿನ ಕಾಲದಲ್ಲಿ ಸಿಗಲ್ಲ ಭಟ್ರೇ, ಒಂದು ಚೂರೂ ಮುಚ್ಚಿಡಲಿಲ್ಲ' ಅಂದ್ರು."

ನಾನು ಸಕ್ಕರೆ ಡಬ್ಬಕ್ಕೆ ಕೈ ಹಾಕಿದ್ದೆ. "ಏನನ್ನ ಮುಚ್ಚಿಡಲಿಲ್ಲ?"

"ಅದೇ ಯಜಮಾನರ ಕೈ! ನೀವಾಗೇ ತೋರಿಸಿದ್ರಂತೆ. ಊಟ ಮಾಡೋ ಕಷ್ಟ ಕೂಡ ತೋರಿಸಿದ್ರಂತೆ. ಹುಡುಗಿ ಅಂತೂ ಒಂಚೂರು ಅಲಂಕಾರ ಇಲ್ಲದೆ, ಮನೇಲಿ ಹೇಗಿರ್ತಾಳೋ ಹಾಗೇ ಬಂದು ನಿಂತಳಂತೆ. ಅದೇ ಅವರಿಗೆ ಬಹಳ ಹಿಡಿಸಿದ್ದು."

"ಯಾವತ್ತು... ಬಂದಿದ್ರು?"

"ಯಾಕಮ್ಮ, ನಿನ್ನೆ ತಾನೇ? ಸೈಕಲ್ ಮೇಲೆ. ಪ್ಯಾಂಟು ಹಾಕ್ಕೊಂಡು. ಅವರು ಸರ್ಕಾರಿ ಆಫೀಸರು, ನೋಡಿ."

ನನ್ನ ಕೈ ಸಕ್ಕರೆ ಡಬ್ಬದಲ್ಲೇ ಉಳಿಯಿತು. ಹಿಂದಿನಿಂದ ಯಜಮಾನರ ದನಿ ಕೇಳಿಸಿತು, ಬಹಳ ಶಾಂತವಾಗಿ.

"ಹಾಗಾದ್ರೆ ಮಂಗಳವಾರ ಕೇಸರಿಬಾತು ತಿಂದೋರು ಯಾರು?"

ಅಶ್ವತ್ಥಯ್ಯನವರು ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು.

"ಮೃದಂಗ ಬಾರಿಸ್ತಾರೆ ಅಂತಾನೂ ಅಂದ್ರಾ?"

"ಸಂಜೆ ಮಾತ್ರ ಅಂದೆ ಸ್ವಾಮಿ."

"ತಾಯಿ, ಎದುರು ಪಾರ್ಟಿ ಲಾಯರು ಕೂಡ ನನ್ನ ಕೇಸನ್ನ ಇಷ್ಟು ಚೆನ್ನಾಗಿ ಕೆಡಿಸಲ್ಲ." ಅವರು ತಲೆ ಹಿಡಿದುಕೊಂಡು ಯೋಚಿಸಿದರು. "ಡಾಕ್ಟರ ಸರ್ಟಿಫಿಕೇಟ್ ಇದೆ. ಆದ್ರೆ ನಿಮ್ಮ ಬಾಯಿಂದ ಬಂದ ಮಾತಿನ ಎದುರು ಅದು ನಿಲ್ಲೋದು ಕಷ್ಟ. ಕೈ ಕಣ್ಣಾರೆ ಕಂಡಿರೋ, ನಮಗೆ ಸಂಬಂಧ ಇಲ್ಲದ ಮರ್ಯಾದಸ್ಥರು ಒಬ್ಬರು ಸಾಕ್ಷಿ ಹೇಳಿದ್ರೆ ಉಳೀಬಹುದು."

ಅಂಥವರು ಪ್ರಪಂಚದಲ್ಲಿ ಒಬ್ಬರೇ ಇದ್ದರು. ಅವರಿಗೆ ನಾನು ಮಜ್ಜಿಗೆ ಕೊಟ್ಟಿದ್ದೆ.

ಅವರನ್ನು ಕರೆದರೆ ಕೊಡೆಯವರ ವರದಿಯನ್ನೂ ಅವರು ಕೇಳುತ್ತಾರೆ. ನನ್ನ ನಿಜಾಯಿತಿಯ ಗುಟ್ಟು ಅಲ್ಲೇ ಒಡೆಯುತ್ತದೆ. ಅಸಲಿಗೆ ಸುಳ್ಳು ಅವರಿಗಾಗಿಯೇ ಮಾಡಿಟ್ಟದ್ದು, ವಿಳಾಸ ತಪ್ಪಿ ಬೇರೆಯವರಿಗೆ ಹೋಯಿತು ಅಂತ ತಿಳಿದ ಮೇಲೆ ಯಾರು ಹೆಣ್ಣು ತರುತ್ತಾರೆ?

ಯಜಮಾನರು, "ಬೇಡ" ಎಂದರು. "ಕೇಸು ಹೋದ್ರೆ ಹೋಗಲಿ. ವಿಮಲಂದು ಕೆಡೋದು ಬೇಡ. ನಾನು ಸ್ಟೂಲ್ ಮೇಲೇ ಕೂತ್ಕೋತೀನಿ. ಅಭ್ಯಾಸ ಆಗಿದೆ."

ಅಭ್ಯಾಸ ಆಗಿದೆ ಎನ್ನುವಾಗ ಅವರು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ವಿಮಲೆ, "ಅವರನ್ನ ಕರೆಸಿ ಲಾಯರ್ ಮಾವ" ಎಂದಳು. "ಅಮ್ಮ ಉಲ್ಟಾ ಹೇಳಿದ್ದು ಕೇಳಿ ಓಡಿಹೋಗೋರಾದ್ರೆ ಈಗಲೇ ಓಡಿಹೋಗಲಿ. ಮದುವೆ ಆದ್ಮೇಲೆ ಅಮ್ಮನ್ನ ಎಷ್ಟು ದಿನ ಅಂತ ಬಚ್ಚಿಡೋದು?"

ನನ್ನ ಮಗಳು ನನ್ನ ಬಗ್ಗೆ ಅಷ್ಟು ತಿಳುವಳಿಕೆ ಸಂಪಾದಿಸಿದ್ದಳು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ವಿಚಾರಣೆಯ ದಿನ ಎಲ್ಲರೂ ಇದ್ದರು. ಪರಿಹಾರದ ಕೇಸು ಕೇಳುವ ಕಮಿಷನರ್ ಸಾಹೇಬರು ವಯಸ್ಸಾದವರು, ನಿಧಾನಸ್ಥರು. ಒಂದು ಬೆಂಚಿನ ಮೇಲೆ ಬ್ಯಾಗಿನ ಸೋದರಮಾವ. ಎದುರು ಬೆಂಚಿನ ಮೇಲೆ ಕೊಡೆಯವರು. ನನ್ನನ್ನು ಕಂಡು ಕೊಡೆಯವರು ಎದ್ದು ಕೈಮುಗಿದರು. ತಿಂದ ಮನೆಯ ಋಣ!

ಕಂಪನಿಯ ವಕೀಲರು ವರದಿ ಓದಿದರು.

"ಅರ್ಜಿದಾರನ ಪತ್ನಿಯ ಹೇಳಿಕೆಯ ಪ್ರಕಾರ, ಅರ್ಜಿದಾರನು ಮನೆಬಳಕೆಯ ನೀರನ್ನೆಲ್ಲ ಸ್ವತಃ ಬಾವಿಯಿಂದ ಸೇದುತ್ತಾನೆ. ಸೌದೆ ಒಡೆಯುತ್ತಾನೆ. ದೋಸೆಗೆ ರುಬ್ಬುತ್ತಾನೆ. ಪ್ರತಿದಿನ ಸಂಜೆ ಮೃದಂಗ ನುಡಿಸುತ್ತಾನೆ. ಅರ್ಜಿದಾರನ ಗೋತ್ರ ಕಾಶ್ಯಪ. ಮಗಳ ನಕ್ಷತ್ರ ರೋಹಿಣಿ. ಇವು ಪ್ರಕರಣಕ್ಕೆ ಹೇಗೆ ಸಂಬಂಧಿಸಿದವೆಂದು ತಿಳಿದುಬರಲಿಲ್ಲ. ಅರ್ಜಿದಾರನು ಭೇಟಿಯ ಹಿಂದಿನ ದಿನ ತೆಂಗಿನಮರ ಹತ್ತಿ ಕಾಯಿ ಕಿತ್ತನೆಂದೂ ಪತ್ನಿ ತಿಳಿಸಿದಳು. ಅಂಗಳದಲ್ಲಿ ಮೊಳಕಾಲೆತ್ತರದ ಒಂದು ತೆಂಗಿನ ಸಸಿಯ ಹೊರತು ಬೇರೆ ಮರ ಕಂಡುಬರಲಿಲ್ಲ."

ಗುಮಾಸ್ತರು ತಲೆ ತಗ್ಗಿಸಿ ನಗುತ್ತಿದ್ದರು. ಕಮಿಷನರ್ ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಇದೆಲ್ಲ ನೀವು ಹೇಳಿದ್ದೇನಮ್ಮ?"

ಇಲ್ಲ ಎನ್ನಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಎರಡು ಸಲ ಹಾಕಿಸಿಕೊಂಡು ತಿಂದವರನ್ನು ಎದುರಿಗೇ ಸುಳ್ಳುಗಾರ ಅನ್ನುವ ಬಾಯಿ ನನಗಿಲ್ಲ.

"ನಾನೇ ಹೇಳಿದ್ದು ಸ್ವಾಮಿ."

"ನಿಜವೋ?"

"ಎಲ್ಲಾ ಸುಳ್ಳು ಸ್ವಾಮಿ. ಗೋತ್ರ, ನಕ್ಷತ್ರ ಮಾತ್ರ ನಿಜ."

"ಸುಳ್ಳು ಯಾಕೆ ಹೇಳಿದ್ರಿ?"

ಬೆಂಚಿನ ಕಡೆ ನೋಡಿದೆ. ಸೋದರಮಾವ ಕತ್ತು ಮುಂದೆ ಚಾಚಿ ಕೇಳುತ್ತಿದ್ದರು. ಯಜಮಾನರ ಕಡೆ ನೋಡಿದೆ. ಅವರು ಎಡಗೈಯಿಂದ ಬಲಗೈ ಮುಚ್ಚಿಕೊಂಡು, ಹೇಳಬೇಡ ಎಂಬಂತೆ ತಲೆ ಆಡಿಸಿದರು. ಆ ಮುಚ್ಚಿಕೊಂಡ ಕೈ ನೋಡಿ ನನಗೆ ಏನೋ ಆಯಿತು. ಇದುವರೆಗೆ ಆ ಕೈಯನ್ನು ಒಬ್ಬರಿಂದ ಮುಚ್ಚಿದ್ದೆ, ಇನ್ನೊಬ್ಬರಿಗೆ ಬಿಚ್ಚಿ ಆಡಿಸಿದ್ದೆ. ಅದು ಅವರದ್ದು ಎಂಬುದೇ ನನಗೆ ಮರೆತುಹೋಗಿತ್ತು.

"ಮಗಳಿಗೆ ಸಂಬಂಧ ಬಂದಿತ್ತು ಸ್ವಾಮಿ" ಎಂದೆ. "ಈ ಕೊಡೆಯವರನ್ನ ಹುಡುಗನ ಸೋದರಮಾವ ಅಂದ್ಕೊಂಡೆ. ಧಾರೆ ಎರೆಯೋ ಕೈ ಹಿಂಗಾಗಿದೆ ಅಂತ ತಿಳಿದ್ರೆ ಬೇಡ ಅಂದಾರು ಅಂತ ಹಂಗೆಲ್ಲ ಹೇಳಿದೆ. ಆಮೇಲೆ ನಿಜವಾದ ಸೋದರಮಾವ ಬಂದ್ರು. ಅವರನ್ನ ವಿಮೆಯವರು ಅಂದ್ಕೊಂಡೆ. ಇವರೇ ಅವರು."

ಇಡೀ ಕೋಣೆ ನಕ್ಕಿತು. ಬಾಗಿಲ ಹತ್ತಿರದ ಜವಾನ ಗೋಡೆ ಹಿಡಿದುಕೊಂಡು ನಕ್ಕ. ಅಶ್ವತ್ಥಯ್ಯನವರು ಮಾತ್ರ ಈ ಗದ್ದಲದಲ್ಲೇ ಎದ್ದು ನಿಂತರು.

"ಸ್ವಾಮಿ, ಮೊಳಕಾಲೆತ್ತರದ ಸಸಿಯನ್ನ ಒಬ್ಬ ಮನುಷ್ಯ ಹತ್ತಿ ಕಾಯಿ ಕೀಳಬಹುದು ಅಂದ್ರೆ ಈಯಮ್ಮನ ಮಾತೆಲ್ಲ ನಿಜ. ಹತ್ತೋಕಾಗಲ್ಲ ಅಂದ್ರೆ ಮೃದಂಗವೂ ಅದೇ ಮರದ ಕಾಯಿ. ಸಸಿ ಎಷ್ಟೆತ್ತರ ಅಂತ ಬರೆದಿರೋದು ನಾನಲ್ಲ, ಕಂಪನಿಯವರೇ."

ಸೋದರಮಾವ ತಾವು ಕಂಡದ್ದನ್ನು ಕಂಡ ಹಾಗೆ ಹೇಳಿದರು. ಚಮಚದ ವಿಷಯ ಹೇಳುವಾಗ ಮಾತ್ರ ದನಿ ತಗ್ಗಿಸಿದರು. ಕಮಿಷನರ್ ಸಾಹೇಬರು ತಮ್ಮ ಪೆನ್ನನ್ನು ಮೇಜಿನ ಮೇಲೆ ಮುಂದೆ ತಳ್ಳಿ, "ಇದನ್ನ ತಗೊಳ್ಳಿ, ನೋಡೋಣ" ಎಂದರು. ನಮ್ಮವರು ಬಲಗೈ ಚಾಚಿದರು. ಪೆನ್ನು ಬೆರಳ ಕೆಳಗೆ ಉರುಳಿತು. ಮತ್ತೆ ಹಿಡಿಯಲು ಹೋದರು. ನೆಲಕ್ಕೆ ಬಿತ್ತು. ಯಾರೂ ನಗಲಿಲ್ಲ.

ಪೆನ್ನನ್ನು ಬಗ್ಗಿ ಎತ್ತಿಕೊಟ್ಟವರು ಕೊಡೆಯವರು. "ಸ್ವಾಮಿ, ನಾನು ಇವರನ್ನ ನೋಡ್ತಿರೋದು ಇವತ್ತೇ" ಎಂದರು. "ಅವತ್ತು ನೋಡಿದ್ದು ಬರೀ ಕೇಸರಿಬಾತು."

ಅವರ ವಕೀಲರು ಅವರನ್ನು ದುರುಗುಟ್ಟಿ ನೋಡಿದರು. ನನಗೆ ಆ ಮನುಷ್ಯನಿಗೆ ಇನ್ನೊಂದು ಸಲ ಬಡಿಸಬೇಕು ಅನ್ನಿಸಿತು.

ಹೊರಗೆ ಹುಣಸೆಮರದ ಕೆಳಗೆ ಸೋದರಮಾವ ಸೈಕಲ್ ಬೀಗ ತೆಗೆಯುತ್ತಿದ್ದರು. ಸಂಬಂಧ ಮುರಿಯಿತು ಎಂದುಕೊಂಡೇ ನಾನು ಹತ್ತಿರ ಹೋದೆ.

"ತಪ್ಪಾಯ್ತು" ಎಂದೆ.

"ತಪ್ಪಲ್ಲದೆ ಏನಮ್ಮ?" ಎಂದರು ಅವರು ಗಂಭೀರವಾಗಿ. "ಆ ಕೇಸರಿಬಾತು ನನಗೆ ಸೇರಬೇಕಾಗಿದ್ದಲ್ವಾ?"

ನಾನು ಸೈಕಲ್ಲಿನ ಚಕ್ರ ನೋಡಿದೆ.

"ನನಗೆ ಕೊಟ್ಟದ್ದು ಏನು? ಮಜ್ಜಿಗೆ! ಮನೆಗೆ ಹೋಗಿ ನಮ್ಮಕ್ಕನಿಗೆ, ಜನ ಒಳ್ಳೆಯವರು, ಆದ್ರೆ ಮೊಸರಿಗೆ ಬಹಳ ಕಷ್ಟ ಇದೆ ಪಾಪ ಅಂತ ಹೇಳಿದ್ದೆ." ಆಮೇಲೆ ಅವರು ನಕ್ಕರು. "ನೋಡಿ ತಾಯಿ, ನಿಮ್ಮ ಕಡೆ ಭಟ್ರು ನಮ್ಮ ಹುಡುಗನ್ನ ವಿಚಾರಿಸೋಕೆ ಬಂದಾಗ ನಮ್ಮಕ್ಕ, ಅವನು ಬೆಳಗಿನ ಜಾವ ಎದ್ದು ತಣ್ಣೀರು ಸ್ನಾನ ಮಾಡಿ ಸಂಧ್ಯಾವಂದನೆ ಮಾಡ್ತಾನೆ ಅಂದ್ಳು. ಅವನನ್ನ ಎಬ್ಬಿಸೋಕೆ ಮನೇಲಿ ತಾಳ ಬಡೀಬೇಕು. ನಾನು ಯಾರ ಮೇಲೆ ಕೋಪ ಮಾಡ್ಕೊಳ್ಳಲಿ? ನಿಮ್ಮ ಯಜಮಾನರನ್ನ ಕಂಬಳಿಯಿಂದ ಎದ್ದು ಕೂತು ಮಾತಾಡಿದಾಗಲೇ ನಾನು ಒಪ್ಪಿದ್ದು. ನಿಮ್ಮನ್ನಲ್ಲ."

ನಾನು ಒಪ್ಪಿಗೆಯಾದೆ ಎಂದು ಅಂದುಕೊಂಡದ್ದೂ ಹೋಯಿತು!

ಪರಿಹಾರ ಕೇಳಿದಷ್ಟೂ ಬರಲಿಲ್ಲ. ಆದರೆ ಅಂಗಡಿಗೆ ಸಾಕಾಗುವಷ್ಟು ಬಂತು. ಯಜಮಾನರು ಸ್ಟೂಲು ಬಿಟ್ಟರು. ವಿಮಲೆಯ ಲಗ್ನಪತ್ರಿಕೆ ಅಚ್ಚಾದದ್ದು ಅದೇ ಪ್ರೆಸ್ಸಿನ ಅದೇ ಮೆಷಿನ್ನಿನಲ್ಲಿ. ನಮ್ಮವರು ಪಕ್ಕದಲ್ಲಿ ನಿಂತು, "ಓರೆಯಾದ್ರೆ ಆಗಲಿ, ಕೈ ಹಾಕಬೇಡ" ಎಂದು ಹೊಸ ಹುಡುಗನಿಗೆ ಹೇಳುತ್ತಲೇ ಇದ್ದರಂತೆ. ಹಾಗಾಗಿ ನಮ್ಮ ಮನೆಯ ಪತ್ರಿಕೆಗಳೆಲ್ಲ ಸ್ವಲ್ಪ ಓರೆ. ಧಾರೆಯ ಹೊತ್ತಿಗೆ ಅವರ ಮಡಚದ ಬೆರಳುಗಳ ಕೆಳಗೆ ನನ್ನ ಅಂಗೈ ಕೊಟ್ಟೆ. ನೀರು ಒಂದು ತೊಟ್ಟೂ ಆಚೆ ಹೋಗಲಿಲ್ಲ. ಕೊಡೆಯವರೂ ಬಂದಿದ್ದರು. ಮೊದಲ ಪಂಕ್ತಿಯಲ್ಲೇ ಕೂತು ಕೇಸರಿಬಾತು ಬಂದಾಗ ಕೈ ಅಡ್ಡ ಹಿಡಿದು, "ವರದಿ ಬರೆಯೋದಿಲ್ಲ ಅಂದ್ರೆ ಮಾತ್ರ ಹಾಕಿಸ್ಕೋತೀನಿ" ಎಂದರು.

ಈಗ ಮುಂದಿನ ಕೋಣೆಯಲ್ಲಿ ಯಜಮಾನರು ಎಡಗೈಯಲ್ಲಿ ಪೆನ್ಸಿಲ್ಲು ಎಣಿಸಿ ಕೊಡುತ್ತಾರೆ. ಸಸಿ ನನ್ನ ಸೊಂಟದವರೆಗೆ ಬಂದಿದೆ. ಅದನ್ನು ದಾಟಿ ಒಳಗೆ ಬರುವವರನ್ನು ನೋಡಿದ ತಕ್ಷಣ ಯಾರು ಅಂತ ಹೇಳುವ ಕೆಲಸವನ್ನು ನಾನು ಬಿಟ್ಟಿದ್ದೇನೆ. ಮೊನ್ನೆ ಒಬ್ಬರು ಬಂದರು. ಪಂಚೆಯ ಮೇಲೆ ಬುಷ್‌ಕೋಟು, ಕಾಲಿಗೆ ಶೂ, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಮುಖ ಮರೆಯಾಗುವಂತೆ ಬಿಚ್ಚಿ ಹಿಡಿದ ಕೊಡೆ! ಗೇಟಿಗೆ ಅಡ್ಡ ನಿಂತೆ.

"ಯಜಮಾನರು ಚೆನ್ನಾಗಿದ್ದಾರೇನಮ್ಮ?" ಎಂದು ಅವರು ನಗುತ್ತಾ ಕೇಳಿದರು.

"ಮೊದಲು ನೀವು ಯಾರು ಅಂತ ಹೇಳಿ" ಎಂದೆ. "ಆಮೇಲೆ ಅವರು ಹೇಗಿದ್ದಾರೆ ಅಂತ ಹೇಳ್ತೀನಿ."

ಒಳಗಿನಿಂದ ಯಜಮಾನರು ಕೂಗಿದರು.

"ಲೇ, ಬಿಡೇ ಒಳಗೆ. ಅದು ನಿನ್ನ ತಮ್ಮ ಕಣೇ. ಮೃದಂಗ ತಗೊಂಡು ಹೋಗೋಕೆ ಬಂದಿದ್ದಾನೆ!"